ಆಂಜಿಯೋಗ್ರಾಂ ನಾರ್ಮಲ್ ಬಂದರೂ ಬಿಡದ ಕಾಯಿಲೆ: ಎಚ್‌ಸಿಎಂ ಬಗ್ಗೆ ಹಾಸನ, ಚಿಕ್ಕಮಗಳೂರಿನ ಮನೆಗಳು ತಿಳಿದಿರಬೇಕಾದದ್ದು

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ ಬಂದಾಗ ಜನ ಗಾಬರಿಯಾಗಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಲೆಕ್ಕ ನೋಡಿ, ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ ಎಂದಿತು. ಆದರೆ ಆ ದಿನಗಳಲ್ಲಿ ಒಂದು ವಿಷಯ ಎದ್ದು ಕಂಡಿತು. ನಮ್ಮಲ್ಲಿ ಯಾರು ಹಠಾತ್ತನೆ ಕುಸಿದು ಸತ್ತರೂ ‘ಹಾರ್ಟ್ ಅಟ್ಯಾಕ್ ಆಯ್ತಂತೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ನಲವತ್ತು ದಾಟಿದವರಲ್ಲಿ ಬಹುಪಾಲು ಅದು ನಿಜವೂ ಹೌದು. ಬೀಡಿ-ಸಿಗರೇಟು, ಶುಗರ್, ಬಿಪಿ, ಕೊಲೆಸ್ಟರಾಲ್ ಸೇರಿ ರಕ್ತನಾಳ ಕಟ್ಟಿಕೊಂಡು ಆಗುವ ಸಾವು ಅದು. ಆದರೆ ಇಪ್ಪತ್ತು-ಮೂವತ್ತರ ವಯಸ್ಸಿನ, ಯಾವ ದುಶ್ಚಟವೂ ಇಲ್ಲದ ಹುಡುಗ ಕಬಡ್ಡಿ ಅಂಗಳದಲ್ಲೋ ತೋಟದ ಏರಿನಲ್ಲೋ ಬಿದ್ದು ಹೋದಾಗ ಕಾರಣ ಬೇರೆಯೇ ಇರುವ ಸಾಧ್ಯತೆ ಹೆಚ್ಚು. ಅಂಥ ಕಾರಣಗಳಲ್ಲಿ ಮುಖ್ಯವಾದದ್ದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ, ವೈದ್ಯರ ಬಾಯಲ್ಲಿ ಎಚ್‌ಸಿಎಂ.

ಇದು ರಕ್ತನಾಳದ ಕಾಯಿಲೆಯಲ್ಲ, ಹೃದಯದ ಸ್ನಾಯುವಿನ ಕಾಯಿಲೆ. ಅದೂ ವಂಶವಾಹಿಯಲ್ಲಿ ಬರುವಂಥದ್ದು. ಹಾಗಾಗಿ ಒಬ್ಬರಲ್ಲಿ ಪತ್ತೆಯಾದರೆ, ಅಥವಾ ಒಬ್ಬರು ಇದರಿಂದ ತೀರಿಕೊಂಡರೆ, ಅದೇ ಮನೆಯ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಆ ಜೀನ್ ದೋಷ ಬಂದಿರುವ ಸಾಧ್ಯತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಪತ್ತೆ ಮಾಡಲು ಬೇಕಿರುವುದು ಒಂದು ಇಸಿಜಿ, ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್). ಎರಡೂ ಹಾಸನದಲ್ಲಿವೆ, ಚಿಕ್ಕಮಗಳೂರಿನಲ್ಲೂ ಇವೆ. ಆ ಮನೆಯವರಿಗೆ ‘ನೀವೂ ಪರೀಕ್ಷೆ ಮಾಡಿಸಿಕೊಳ್ಳಿ’ ಎಂದು ಹೇಳುವವರೇ ಇಲ್ಲದಿರುವುದು ಇಲ್ಲಿನ ಕೊರತೆ.

ಸ್ನಾಯುವಿನೊಳಗೆ ಏನಾಗುತ್ತದೆ

ಹೃದಯದ ಎಡ ಕೆಳಕೋಣೆಯ ಗೋಡೆ ಸಾಮಾನ್ಯವಾಗಿ 6ರಿಂದ 11 ಮಿಲಿಮೀಟರ್ ದಪ್ಪ. ಬಿಪಿ ಅಥವಾ ಕವಾಟದ ತೊಂದರೆಯಂಥ ಬೇರೆ ಕಾರಣವಿಲ್ಲದೆ ಈ ಗೋಡೆ ಎಲ್ಲಾದರೂ ಒಂದೆಡೆ 15 ಮಿ.ಮೀ. ಅಥವಾ ಅದಕ್ಕಿಂತ ದಪ್ಪವಾಗಿದ್ದರೆ ಎಚ್‌ಸಿಎಂ ಎನ್ನುತ್ತಾರೆ. ಈ ಕಾಯಿಲೆ ಇರುವವರ ಹತ್ತಿರದ ರಕ್ತಸಂಬಂಧಿಯಾದರೆ 13 ಮಿ.ಮೀ. ಇದ್ದರೂ ಸಾಕು. ಹೆಚ್ಚಾಗಿ ದಪ್ಪವಾಗುವುದು ಎಡ-ಬಲ ಕೋಣೆಗಳ ನಡುವಿನ ಗೋಡೆ. ಕೆಲವರಲ್ಲಿ ಹೃದಯದ ತುದಿ ಮಾತ್ರ ದಪ್ಪವಾಗಿರುತ್ತದೆ.

1958ರಲ್ಲಿ ಲಂಡನ್ನಿನ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ ಯುವಜನರ ಹೃದಯಗಳಲ್ಲಿ ಗೋಡೆ ಒಂದೇ ಕಡೆ ವಿಪರೀತ ದಪ್ಪವಾಗಿದ್ದುದನ್ನು ವಿವರವಾಗಿ ಬರೆದರು. ಅವರಲ್ಲಿ ಹೆಚ್ಚಿನವರು ಹಠಾತ್ತಾಗಿ ಸತ್ತವರು. ಸೂಕ್ಷ್ಮದರ್ಶಕದಡಿ ನೋಡಿದಾಗ ಸ್ನಾಯುಕೋಶಗಳು ಸಾಲಾಗಿ ಇರಲಿಲ್ಲ, ದಿಕ್ಕುತಪ್ಪಿ ಒಂದರ ಮೇಲೊಂದು ಹೆಣೆದುಕೊಂಡಿದ್ದವು, ನಡುನಡುವೆ ಗಾಯದ ಕಲೆಯಂಥ ನಾರು ತುಂಬಿತ್ತು. ಇವತ್ತಿಗೂ ಈ ಕಾಯಿಲೆಯ ಗುರುತು ಅದೇ. ಹೃದಯದ ವಿದ್ಯುತ್ ಸಂದೇಶ ಈ ಅಡ್ಡಾದಿಡ್ಡಿ ಕೋಶಗಳ, ನಾರಿನ ನಡುವೆ ಸುತ್ತು ಬಳಸಿ ಸಾಗುವಾಗ ಒಮ್ಮೊಮ್ಮೆ ಅಲ್ಲೇ ಸುತ್ತತೊಡಗುತ್ತದೆ. ಆಗ ಹೃದಯ ಬಡಿಯುವುದು ಬಿಟ್ಟು ಕಂಪಿಸುತ್ತದೆ, ರಕ್ತ ಮುಂದೆ ಹೋಗುವುದಿಲ್ಲ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ರಕ್ತನಾಳ ಕಟ್ಟಿಕೊಳ್ಳದೆಯೂ ಸಾವು ಬರುವ ದಾರಿ ಇದು.

ಇನ್ನೊಂದು ತೊಂದರೆ ಯಾಂತ್ರಿಕವಾದದ್ದು. ದಪ್ಪಗಾದ ನಡುಗೋಡೆ, ರಕ್ತ ಹೊರಹೋಗುವ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಇಕ್ಕಟ್ಟಿನಲ್ಲಿ ರಕ್ತ ರಭಸದಿಂದ ನುಗ್ಗುವಾಗ ಪಕ್ಕದ ಮೈಟ್ರಲ್ ಕವಾಟದ (ಎಡ ಮೇಲ್ಕೋಣೆ-ಕೆಳಕೋಣೆಗಳ ನಡುವಿನ ಬಾಗಿಲು) ಹಾಳೆ, ಗಾಳಿ ಬೀಸಿದಾಗ ಬಾಗಿಲಿನ ಪರದೆ ಹೊಸ್ತಿಲಿಗೆ ಎಳೆದುಕೊಳ್ಳುವಂತೆ, ಆ ದಾರಿಗೇ ಬಂದು ಅಡ್ಡ ನಿಲ್ಲುತ್ತದೆ. ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೂ ಸೋರುತ್ತದೆ. ಈ ಅಡ್ಡಿಯನ್ನು ‘ಗ್ರೇಡಿಯಂಟ್’ ಎಂದು ಅಳೆಯುತ್ತಾರೆ. 30 ಮಿ.ಮೀ. ಪಾದರಸದಷ್ಟು ಅಥವಾ ಹೆಚ್ಚಿದ್ದರೆ ಅಡ್ಡಿ ಇದೆ ಎಂದು ಲೆಕ್ಕ. ಔಷಧ ಕೊಟ್ಟ ಮೇಲೂ 50 ಮೀರಿ, ಜೊತೆಗೆ ತೊಂದರೆಯೂ ಇದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಬರುತ್ತದೆ. ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಸುಮ್ಮನೆ ಮಲಗಿದ್ದಾಗಲೂ ಅಡ್ಡಿ ಕಾಣುತ್ತದೆ. ಇನ್ನು ಮೂರನೇ ಒಂದು ಭಾಗಕ್ಕೆ ಶ್ರಮವಾದಾಗ ಮಾತ್ರ. ಉಳಿದವರಿಗೆ ಅಡ್ಡಿಯೇ ಇಲ್ಲ, ಸ್ನಾಯು ಬಿಗಿಯಾಗಿರುವುದೊಂದೇ ಸಮಸ್ಯೆ.

ಈ ಅಡ್ಡಿ ಗಂಟೆಗಂಟೆಗೂ ಬದಲಾಗುತ್ತದೆ. ಹೃದಯದ ಕೋಣೆಯಲ್ಲಿ ರಕ್ತ ಕಡಿಮೆಯಾದಷ್ಟೂ ದಾರಿ ಇನ್ನಷ್ಟು ಕಿರಿದಾಗುತ್ತದೆ. ನೀರು ಕುಡಿಯದೆ ಬಿಸಿಲಲ್ಲಿ ದುಡಿದಾಗ, ವಾಂತಿ-ಭೇದಿ ಆದಾಗ, ಕೂತವರು ದಿಢೀರನೆ ಎದ್ದಾಗ, ಮದ್ಯ ಕುಡಿದಾಗ ಹೀಗಾಗುತ್ತದೆ. ಹೊಟ್ಟೆ ತುಂಬ ಉಂಡಾಗಲೂ ಅಷ್ಟೇ, ರಕ್ತ ಕರುಳಿನ ಕಡೆ ಹರಿಯುತ್ತದೆ. ಮದುವೆ ಮನೆಯಲ್ಲಿ ಊಟ ಮುಗಿಸಿ ಏರು ಹತ್ತುವಾಗ ಮಾತ್ರ ಉಸಿರು ಕಟ್ಟುತ್ತದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದೇ ಏರು ಸಲೀಸು ಎಂದು ರೋಗಿ ಹೇಳಿದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವುದು ಸುಲಭ. ನಿಜವಾಗಿ ಅದು ಈ ಕಾಯಿಲೆಯ ಒಳ್ಳೆಯ ಸುಳಿವು.

ಎಲ್ಲಿ ತಪ್ಪಿಹೋಗುತ್ತದೆ

ಲಕ್ಷಣಗಳು ಸಾಮಾನ್ಯವಾದವೇ: ಏರಿನಲ್ಲಿ ದಮ್ಮು, ಎದೆ ಹಿಡಿದಂತಾಗುವುದು, ಎದೆ ಡವಗುಟ್ಟುವುದು, ಕಣ್ಣು ಕತ್ತಲೆ ಬಂದು ಬೀಳುವುದು. ಅನೇಕರಿಗೆ ಯಾವುದೂ ಇರುವುದಿಲ್ಲ. ಎದೆನೋವೆಂದು ಹೋದವರಿಗೆ ಇಸಿಜಿ ಮಾಡುತ್ತಾರೆ, ಅದರಲ್ಲಿ ಏರುಪೇರು ಇರುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ನೋಡುವ ರಕ್ತದ ಟ್ರೋಪೋನಿನ್ ಪರೀಕ್ಷೆಯೂ ತುಸು ಹೆಚ್ಚು ತೋರಿಸಬಹುದು. ಹಾರ್ಟ್ ಅಟ್ಯಾಕ್ ಅನುಮಾನದಲ್ಲಿ ದೊಡ್ಡ ಊರಿಗೆ ಕಳಿಸುತ್ತಾರೆ. ಆಂಜಿಯೋಗ್ರಾಂನಲ್ಲಿ ‘ಬ್ಲಾಕ್ ಇಲ್ಲ’ ಎಂದು ಬರುತ್ತದೆ. ಮನೆಯವರು ದೇವರಿಗೆ ಕೈಮುಗಿದು ಊರಿಗೆ ವಾಪಸಾಗುತ್ತಾರೆ. ಇಸಿಜಿ ಯಾಕೆ ಹಾಗೆ ಬಂತು ಎಂಬ ಪ್ರಶ್ನೆ ಅಲ್ಲೇ ಉಳಿದುಬಿಡುತ್ತದೆ. ಆಂಜಿಯೋಗ್ರಾಂ ನೋಡುವುದು ನಾಳಗಳನ್ನು, ಗೋಡೆಯ ದಪ್ಪವನ್ನಲ್ಲ. ಬ್ಲಾಕ್ ಇಲ್ಲದಿದ್ದರೂ ಇಸಿಜಿಯಲ್ಲಿ ಏರುಪೇರು ಇದ್ದರೆ ಎಕೋ ವರದಿಯನ್ನು ಇನ್ನೊಮ್ಮೆ ಕೂತು ಓದಬೇಕು.

ಇನ್ನೊಂದು ಮೋಸಗೊಳಿಸುವ ಸಂಖ್ಯೆ ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಕೋಣೆಯ ರಕ್ತದಲ್ಲಿ ಎಷ್ಟು ಪಾಲು ಹೊರಹೋಗುತ್ತದೆ ಎಂಬುದು. ನಮ್ಮಲ್ಲಿ ಎಕೋ ಆದ ಕೂಡಲೇ ಕೇಳುವುದು ‘ಪಂಪಿಂಗ್ ಎಷ್ಟಿದೆ ಸರ್?’ ಎಂದು. ಎಚ್‌ಸಿಎಂನಲ್ಲಿ ಅದು 65, 70, 75% ಕೂಡ ಇರಬಹುದು, ಅಂದರೆ ಆರೋಗ್ಯವಂತರಿಗಿಂತ ಮೇಲು. ಸ್ನಾಯು ಜೋರಾಗಿಯೇ ಕುಗ್ಗುತ್ತದೆ. ಆದರೆ ಸಡಿಲವಾಗಿ ಹಿಗ್ಗಿ ರಕ್ತ ತುಂಬಿಕೊಳ್ಳಲು ಆಗುವುದಿಲ್ಲ. ಪಂಪಿಂಗ್ 50%ಕ್ಕಿಂತ ಕೆಳಗಿಳಿದಿದೆ ಎಂದರೆ ಈ ಕಾಯಿಲೆಯಲ್ಲಿ ಅದು ಕೊನೆಯ ಹಂತದ ಸೂಚನೆ.

ಎಕೋ ಕೋಣೆಯಲ್ಲಿ ಏನು ಕೇಳಬೇಕು

ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ಜೆಲ್ ಹಚ್ಚಿ, ಪಕ್ಕೆಲುಬುಗಳ ನಡುವೆ ಪ್ರೋಬ್ ಇಡುತ್ತಾರೆ. ಹೃದಯ ಪೂರ್ತಿ ಹಿಗ್ಗಿದ ಕ್ಷಣದಲ್ಲಿ ನಡುಗೋಡೆಯನ್ನೂ ಹಿಂಗೋಡೆಯನ್ನೂ ಅಳೆಯುತ್ತಾರೆ. ವರದಿಯಲ್ಲಿ ‘ಐವಿಎಸ್’ ಎಂಬ ಸಾಲಿನಲ್ಲಿರುವುದು ನಡುಗೋಡೆಯ ದಪ್ಪ. ಆಮೇಲೆ ಅದೇ ಯಂತ್ರದ ಡಾಪ್ಲರ್ ವಿಧಾನದಿಂದ ರಕ್ತದ ವೇಗ ನೋಡುತ್ತಾರೆ. ವೇಗವನ್ನು ಅದರಿಂದಲೇ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿದರೆ ಗ್ರೇಡಿಯಂಟ್ ಸಿಗುತ್ತದೆ. ಸೆಕೆಂಡಿಗೆ 4 ಮೀಟರ್ ವೇಗವಿದ್ದರೆ ಅದು 64. ಪರದೆಯ ಮೇಲೆ ಈ ಅಲೆ ಮೊದಲು ನಿಧಾನವಾಗಿ, ಕೊನೆಗೆ ಥಟ್ಟನೆ ಇಳಿಯುತ್ತದೆ, ಕಠಾರಿಯ ಆಕಾರದಲ್ಲಿ.

ಇಲ್ಲಿ ಆಗುವ ದೊಡ್ಡ ತಪ್ಪು, ಮಲಗಿಸಿ ಒಮ್ಮೆ ನೋಡಿ ಬಿಟ್ಟುಬಿಡುವುದು. ಮೂಗು-ಬಾಯಿ ಮುಚ್ಚಿ ಮುಕ್ಕಿ ಉಸಿರು ಬಿಗಿಹಿಡಿಯುವಂತೆ ಹೇಳಿ ಮತ್ತೆ ಅಳೆಯಬೇಕು, ಎದ್ದು ನಿಲ್ಲಿಸಿ ಅಳೆಯಬೇಕು, ಆಗಲೂ ಕಾಣದಿದ್ದು ದಮ್ಮು ಮಾತ್ರ ಇದ್ದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಕೂಡಲೇ ನೋಡಬೇಕು. ಇಷ್ಟು ಮಾಡದೆ ‘ಅಡ್ಡಿ ಇಲ್ಲ’ ಎಂದು ಬರೆದ ವರದಿಯನ್ನು ಪೂರ್ತಿ ನಂಬಲಾಗದು. ಸ್ಟೆತಾಸ್ಕೋಪ್‌ನಿಂದಲೂ ಇದೇ ಆಟ ಗೊತ್ತಾಗುತ್ತದೆ: ನಿಂತಾಗ ಮರ್ಮರ ಶಬ್ದ ಜೋರಾಗುತ್ತದೆ, ಕುಕ್ಕರಗಾಲಲ್ಲಿ ಕೂತಾಗ ತಗ್ಗುತ್ತದೆ. ಬೇರೆ ಹೆಚ್ಚಿನ ಮರ್ಮರಗಳು ಇದಕ್ಕೆ ತದ್ವಿರುದ್ಧ. ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರವಿಲ್ಲದಿದ್ದರೂ ಇದನ್ನು ಎರಡು ನಿಮಿಷದಲ್ಲಿ ನೋಡಬಹುದು.

ತುದಿಯ ಭಾಗ ಮಾತ್ರ ದಪ್ಪವಾಗಿದ್ದರೆ ಮಾಮೂಲಿ ಎಕೋದಲ್ಲಿ ಕಣ್ತಪ್ಪುತ್ತದೆ. ಇಸಿಜಿಯಲ್ಲಿ ಟಿ ಅಲೆಗಳು ಆಳವಾಗಿ ತಲೆಕೆಳಗಾಗಿದ್ದು ಎಕೋ ‘ನಾರ್ಮಲ್’ ಎಂದು ಬಂದಿದ್ದರೆ ಹೃದಯದ ಎಂಆರ್‌ಐ ಮಾಡಿಸಬೇಕು. ಗ್ಯಾಡೊಲಿನಿಯಂ ಎಂಬ ಚಿತ್ರ ಸ್ಪಷ್ಟಗೊಳಿಸುವ ದ್ರಾವಣ ಕೊಟ್ಟು ಮಾಡುವ ಎಂಆರ್‌ಐ, ಸ್ನಾಯುವಿನಲ್ಲಿ ನಾರು ಎಷ್ಟು ಹರಡಿದೆ ಎಂಬುದನ್ನೂ ತೋರಿಸುತ್ತದೆ. ಬಿಪಿ ಇರುವವರಲ್ಲಿ, ಕಠಿಣ ತರಬೇತಿಯ ಕ್ರೀಡಾಪಟುಗಳಲ್ಲಿ ಗೋಡೆ 13-14 ಮಿ.ಮೀ. ಆಗಿರಬಹುದು. ಅದನ್ನು ಎಚ್‌ಸಿಎಂನಿಂದ ಬೇರ್ಪಡಿಸಲು ಅನುಭವ ಬೇಕು. ಅವಸರದಲ್ಲಿ ಹಣೆಪಟ್ಟಿ ಹಚ್ಚುವುದೂ ಅನ್ಯಾಯವೇ. ಫ್ಯಾಬ್ರಿ, ಅಮೈಲಾಯ್ಡ್‌ನಂಥ ಕಾಯಿಲೆಗಳೂ ಗೋಡೆಯನ್ನು ಇದೇ ರೀತಿ ದಪ್ಪ ಮಾಡುತ್ತವೆ, ಅವುಗಳ ಚಿಕಿತ್ಸೆ ಪೂರ್ತಿ ಬೇರೆ.

ನಾಲಗೆಯಡಿಯ ಮಾತ್ರೆಯ ಅಪಾಯ

ಹಾಸನದ ಸುದ್ದಿಗಳ ನಂತರ ಅನೇಕರು ಜೇಬಿನಲ್ಲಿ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಂಡು ಓಡಾಡತೊಡಗಿದರು. ‘ಎದೆನೋವು ಬಂದರೆ ನಾಲಗೆ ಕೆಳಗಿಡಿ’ ಎಂಬ ವಾಟ್ಸ್‌ಆ್ಯಪ್ ಸಲಹೆ ಊರೂರು ಸುತ್ತಿತು. ಈ ಮಾತ್ರೆ ರಕ್ತನಾಳಗಳನ್ನು ಹಿಗ್ಗಿಸಿ ಹೃದಯಕ್ಕೆ ಮರಳುವ ರಕ್ತವನ್ನು ಕಡಿಮೆ ಮಾಡುತ್ತದೆ. ಬ್ಲಾಕ್ ಇರುವವರಿಗೆ ಅದು ಆರಾಮ. ಅಡ್ಡಿ ಇರುವ ಎಚ್‌ಸಿಎಂ ರೋಗಿಗೆ ಅದೇ ಕೋಣೆ ಖಾಲಿಯಾಗಿ, ದಾರಿ ಮುಚ್ಚಿ, ಬಿಪಿ ಕುಸಿದು ಬೀಳುವುದಕ್ಕೆ ಕಾರಣ. ಎಚ್‌ಸಿಎಂ ಇದೆ ಎಂದು ಗೊತ್ತಿರುವವರು ಇದನ್ನು ಮುಟ್ಟಬಾರದು. ಎದೆನೋವಿಗೆ ಮಾತ್ರೆ ಇಟ್ಟ ಮೇಲೆ ನೋವು ಹೆಚ್ಚಾಯಿತು ಅಥವಾ ತಲೆ ತಿರುಗಿ ಬಿದ್ದೆ ಎಂದು ಯಾರಾದರೂ ಹೇಳಿದರೆ ವೈದ್ಯರು ಈ ಕಾಯಿಲೆಯನ್ನೂ ನೆನೆಯಬೇಕು. ಹಾಗೆ ಬಿದ್ದವರನ್ನು ಎಬ್ಬಿಸಿ ಕೂರಿಸದೆ, ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿಯಬೇಕು.

ಬಿಪಿಗೆ ಕೊಡುವ ಆಮ್ಲೋಡಿಪಿನ್, ನಿಫೆಡಿಪಿನ್, ಹೆಚ್ಚು ಮೂತ್ರ ಹೋಗಿಸುವ ಮಾತ್ರೆ, ಡಿಗಾಕ್ಸಿನ್, ಸಿಲ್ಡೆನಾಫಿಲ್ (ವಯಾಗ್ರ) ಇವೂ ಅಡ್ಡಿ ಇರುವವರಲ್ಲಿ ತೊಂದರೆ ಹೆಚ್ಚಿಸುತ್ತವೆ. ಹಲ್ಲು ಕೀಳಿಸುವುದಿರಲಿ, ಹೆರಿಗೆಯಿರಲಿ, ಯಾವುದೇ ಆಪರೇಷನ್ ಇರಲಿ, ‘ನನಗೆ ಎಚ್‌ಸಿಎಂ ಇದೆ’ ಎಂದು ಮೊದಲೇ ಹೇಳಬೇಕು. ಅದರಲ್ಲೂ ಬೆನ್ನಿಗೆ ಕೊಡುವ ಅರಿವಳಿಕೆ ಬಿಪಿಯನ್ನು ದಿಢೀರ್ ಇಳಿಸುತ್ತದೆ. ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಇಟ್ಟುಕೊಂಡರೂ ಸಾಕು.

ವಂಶವಾಹಿ: ದಕ್ಷಿಣ ಏಷ್ಯಾದವರದೇ ಒಂದು ಕಥೆ

ಅಮೆರಿಕದ ಕ್ರಿಸ್ಟೀನ್ ಮತ್ತು ಜೊನಾಥನ್ ಸೈಡ್‌ಮನ್ ಅವರ ತಂಡ 1990ರಲ್ಲಿ ಎಚ್‌ಸಿಎಂಗೆ ಕಾರಣವಾದ ಮೊದಲ ದೋಷವನ್ನು ಎಂವೈಎಚ್7 ಎಂಬ ಜೀನ್‌ನಲ್ಲಿ ಗುರುತಿಸಿತು. ಸ್ನಾಯು ಕುಗ್ಗಲು ಬೇಕಾದ ಮಯೋಸಿನ್ ಪ್ರೋಟೀನ್ ತಯಾರಿಸುವ ಜೀನ್ ಅದು. ನಂತರ ಇನ್ನೂ ಹಲವು ಜೀನ್‌ಗಳು ಸಿಕ್ಕವು. ಆದರೂ ಪತ್ತೆಯಾಗುವ ದೋಷಗಳಲ್ಲಿ ಬಹುಪಾಲು ಎಂವೈಎಚ್7 ಮತ್ತು ಎಂವೈಬಿಪಿಸಿ3 ಎಂಬ ಎರಡರಲ್ಲೇ ಇರುತ್ತವೆ.

2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡ ದೊಡ್ಡ ಸುದ್ದಿ ಮಾಡಿತು. ಎಂವೈಬಿಪಿಸಿ3 ಜೀನ್‌ನಲ್ಲಿ ಡಿಎನ್‌ಎಯ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ದೋಷ ಭಾರತೀಯರಲ್ಲಿ ಸುಮಾರು 4% ಜನರಲ್ಲಿದೆ, ಅದು ಹೃದಯ ವೈಫಲ್ಯದ ಅಪಾಯವನ್ನು ಸುಮಾರು ಏಳು ಪಟ್ಟು ಹೆಚ್ಚಿಸುತ್ತದೆ ಎಂದರು. ಈ ಅಧ್ಯಯನದ ಮೊದಲ ಲೇಖಕ ಪೆರುಂದುರೈ ಧಂಡಪಾಣಿ ನಂತರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಸಂಶೋಧನೆ ಮುಂದುವರಿಸಿದರು. ಸುದ್ದಿ ಓದಿದವರು ಹೆದರಿದ್ದು ಸಹಜ. ಒಂದು ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಹಾಸನದಲ್ಲಿ 17.76 ಲಕ್ಷ, ಚಿಕ್ಕಮಗಳೂರಿನಲ್ಲಿ 11.38 ಲಕ್ಷ ಜನ. ರಾಷ್ಟ್ರದ ಸರಾಸರಿಯನ್ನೇ ಇಲ್ಲಿಗೂ ಹಿಡಿದರೆ ಎರಡೂ ಜಿಲ್ಲೆ ಸೇರಿ ಈ ದೋಷ ಹೊತ್ತವರು ಸುಮಾರು 1.17 ಲಕ್ಷ. ಎಚ್‌ಸಿಎಂ ಎಷ್ಟು ಜನರಿಗಿರುತ್ತದೆ? ಅಮೆರಿಕದಲ್ಲಿ 4,111 ಯುವಜನರಿಗೆ ಎಕೋ ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 500ಕ್ಕೆ ಒಬ್ಬರಿಗೆ. ಆ ಲೆಕ್ಕದಲ್ಲಿ ನಮ್ಮ ಎರಡು ಜಿಲ್ಲೆಗಳಲ್ಲಿ ಸುಮಾರು 5,800 ಜನ. ಅಂದರೆ ದೋಷ ಹೊತ್ತವರಲ್ಲಿ ಬಹುತೇಕರಿಗೆ ಈ ಕಾಯಿಲೆ ಬರುವುದೇ ಇಲ್ಲ.

ಈ ಗಂಟನ್ನು ಮುಂದಿನ ಸಂಶೋಧನೆ ಬಿಡಿಸಿತು. 25 ಅಕ್ಷರಗಳ ದೋಷ ಇರುವವರಲ್ಲಿ ಕೆಲವರಿಗೆ ಅದೇ ಜೀನ್‌ನಲ್ಲಿ ಇನ್ನೊಂದು ಬದಲಾವಣೆಯೂ ಅಂಟಿಕೊಂಡು ಬರುತ್ತದೆ. 2020ರ ಒಂದು ಅಧ್ಯಯನ, ಎಚ್‌ಸಿಎಂ ಅಪಾಯಕ್ಕೆ ನಿಜವಾದ ಕಾರಣ ಹಾಗೆ ಜೊತೆಗೂಡಿ ಬರುವ ಇನ್ನೊಂದು ದೋಷವೇ ಇರಬೇಕು ಎಂದು ತೋರಿಸಿತು. ಹಾಗಾಗಿ ಜೀನ್ ಪರೀಕ್ಷೆಯ ವರದಿಯಲ್ಲಿ ಈ 25 ಅಕ್ಷರಗಳ ದೋಷ ಮಾತ್ರ ಕಂಡರೆ, ಎಕೋ ಸರಿಯಿದ್ದರೆ, ಅದನ್ನು ಮರಣಪತ್ರದಂತೆ ಓದಬೇಕಾಗಿಲ್ಲ. ಯುರೋಪಿಯನ್ನರ ಮೇಲೆ ಮಾಡಿದ ಸಂಶೋಧನೆಯನ್ನೇ ನಂಬಿ ಕೂತಿದ್ದರೆ ಈ ದೋಷ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ಗೊತ್ತಾದ ಮೇಲೆ ಅದನ್ನು ಮತ್ತೆ ಮತ್ತೆ ಪರೀಕ್ಷಿಸದಿದ್ದರೆ ಲಕ್ಷಾಂತರ ಜನರಿಗೆ ಸುಮ್ಮನೆ ಭಯ ಹುಟ್ಟಿಸಿದಂತಾಗುತ್ತಿತ್ತು.

ನಮ್ಮ ಕಡೆಯ ಮನೆಗಳಿಗೆ ಇನ್ನೊಂದು ಮಾತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇಲ್ಲಿದೆ. ಗಂಡ-ಹೆಂಡತಿ ಇಬ್ಬರಲ್ಲೂ ಎಂವೈಬಿಪಿಸಿ3ರ ಗಂಭೀರ ದೋಷ ಇದ್ದು, ಮಗುವಿಗೆ ಎರಡೂ ಕಡೆಯಿಂದ ಬಂದರೆ, ಕೂಸು ಹುಟ್ಟಿದ ಕೆಲವೇ ವಾರ-ತಿಂಗಳಲ್ಲಿ ಹೃದಯ ವೈಫಲ್ಯ ಆಗಬಹುದು. ಎಚ್‌ಸಿಎಂ ಇರುವ ಕುಟುಂಬದೊಳಗೇ ಸಂಬಂಧ ಬೆಳೆಸುವ ಮುನ್ನ ಇಬ್ಬರಿಗೂ ಎಕೋ, ಸಾಧ್ಯವಾದರೆ ಜೀನ್ ಪರೀಕ್ಷೆ, ತಜ್ಞರ ಸಲಹೆ ಬೇಕೇ ಬೇಕು.

ಜೀನ್ ಪರೀಕ್ಷೆಯನ್ನು ಮೊದಲು ಮಾಡಿಸಬೇಕಾದದ್ದು ಕಾಯಿಲೆ ಇರುವವರಿಗೆ. ಅವರಲ್ಲಿ 30ರಿಂದ 60% ಜನರಲ್ಲಿ ಮಾತ್ರ ಖಚಿತ ದೋಷ ಸಿಗುತ್ತದೆ. ಸಿಕ್ಕರೆ, ಅದೊಂದನ್ನೇ ಉಳಿದವರಲ್ಲಿ ಹುಡುಕಿದರಾಯಿತು, ಇಲ್ಲದವರು ನಿಶ್ಚಿಂತೆಯಿಂದ ಇರಬಹುದು. ಸಿಗದಿದ್ದರೆ ಮನೆಯವರ ಜೀನ್ ನೋಡಿ ಪ್ರಯೋಜನವಿಲ್ಲ, ಎಕೋ ಒಂದೇ ದಾರಿ.

ಸಾವಿನ ಅಪಾಯ ನಿಜಕ್ಕೂ ಎಷ್ಟು

ಹಳೆಯ ಪುಸ್ತಕಗಳಲ್ಲಿ ಎಚ್‌ಸಿಎಂ ರೋಗಿಗಳಲ್ಲಿ ವರ್ಷಕ್ಕೆ 4ರಿಂದ 6% ಸಾವು ಎಂದಿತ್ತು. ಅವು ದೊಡ್ಡ ಆಸ್ಪತ್ರೆಗಳಿಗೆ ಬಂದ ತೀವ್ರ ರೋಗಿಗಳ ಅಂಕಿಗಳು. ಇಂದಿನ ಚಿಕಿತ್ಸೆಯಲ್ಲಿ ಈ ಕಾಯಿಲೆಯಿಂದಾಗುವ ಸಾವು ವರ್ಷಕ್ಕೆ ಸುಮಾರು 0.5%. ಹೆಚ್ಚಿನವರು ಮಾಮೂಲಿ ಆಯಸ್ಸು ಬದುಕುತ್ತಾರೆ. ಈ ಮಾತನ್ನು ರೋಗಿಗೆ ಮೊದಲ ದಿನವೇ ಹೇಳಬೇಕು, ಇಲ್ಲದಿದ್ದರೆ ಭಯವೇ ಅವರನ್ನು ಅರ್ಧ ಕೊಲ್ಲುತ್ತದೆ.

ಅಪಾಯ ಎಲ್ಲರಿಗೂ ಸಮನಾಗಿಲ್ಲ. ತಂದೆ-ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಯಾರಾದರೂ 50ರೊಳಗೆ ಈ ಕಾಯಿಲೆಯಿಂದ ಹಠಾತ್ ಸತ್ತಿದ್ದರೆ, ಗೋಡೆ 30 ಮಿ.ಮೀ. ಮುಟ್ಟಿದ್ದರೆ, ಇತ್ತೀಚೆಗೆ ಕಾರಣವಿಲ್ಲದೆ ಪ್ರಜ್ಞೆ ತಪ್ಪಿದ್ದರೆ, ಹೃದಯದ ತುದಿ ಬಲೂನಿನಂತೆ ಉಬ್ಬಿದ್ದರೆ, ಪಂಪಿಂಗ್ 50%ಕ್ಕಿಂತ ಕಡಿಮೆಯಿದ್ದರೆ, ಎಂಆರ್‌ಐನಲ್ಲಿ ನಾರು ವ್ಯಾಪಕವಾಗಿ ಹರಡಿದ್ದರೆ, 24-48 ಗಂಟೆ ಮೈಗೆ ಕಟ್ಟಿಕೊಂಡು ಇಸಿಜಿ ದಾಖಲಿಸುವ ಹೋಲ್ಟರ್ ಯಂತ್ರದಲ್ಲಿ ಕೆಳಕೋಣೆಯಿಂದ ಹುಟ್ಟಿದ ವೇಗದ ಬಡಿತಗಳು ಮೂರೋ ಅದಕ್ಕಿಂತ ಹೆಚ್ಚೋ ಒಟ್ಟಿಗೆ ಬಂದಿದ್ದರೆ ಎಚ್ಚರ ಬೇಕು. ಪ್ರಜ್ಞೆ ತಪ್ಪಿದ್ದನ್ನು ವಿವರವಾಗಿ ಕೇಳುವುದು ಬಹಳ ಮುಖ್ಯ. ಬಿಸಿಲಲ್ಲಿ ಬಹಳ ಹೊತ್ತು ನಿಂತು, ಬೆವತು, ವಾಕರಿಕೆ ಬಂದು ಬಿದ್ದದ್ದಕ್ಕೂ, ಓಡುವಾಗ ಯಾವ ಸೂಚನೆಯೂ ಇಲ್ಲದೆ ಬಿದ್ದದ್ದಕ್ಕೂ ಅಜಗಜಾಂತರ.

ಯುರೋಪಿನ ಆರು ಕೇಂದ್ರಗಳ 3,675 ರೋಗಿಗಳ ಮಾಹಿತಿಯಿಂದ 2014ರಲ್ಲಿ ಅಪಾಯ ಲೆಕ್ಕ ಹಾಕುವ ಒಂದು ಗಣಕ (ಕ್ಯಾಲ್ಕುಲೇಟರ್) ಸಿದ್ಧವಾಯಿತು. ವಯಸ್ಸು, ಗೋಡೆಯ ದಪ್ಪ, ಎಡ ಮೇಲ್ಕೋಣೆಯ ಅಳತೆ, ಗ್ರೇಡಿಯಂಟ್, ಕುಟುಂಬದ ಇತಿಹಾಸ, ಹೋಲ್ಟರ್ ಫಲಿತಾಂಶ, ಪ್ರಜ್ಞೆ ತಪ್ಪಿದ್ದು, ಈ ಏಳನ್ನು ಹಾಕಿದರೆ ಐದು ವರ್ಷದಲ್ಲಿ ಹಠಾತ್ ಸಾವಿನ ಅಪಾಯ ಶೇಕಡಾವಾರು ಬರುತ್ತದೆ. 6% ಅಥವಾ ಮೇಲಿದ್ದರೆ ಐಸಿಡಿ ಎಂಬ ಸಾಧನ ಹಾಕಿಸುವುದು ಒಳ್ಳೆಯದು, 4ರಿಂದ 6% ಇದ್ದರೆ ಚರ್ಚಿಸಿ ತೀರ್ಮಾನಿಸಬಹುದು, ಕಡಿಮೆಯಿದ್ದರೆ ಸಾಮಾನ್ಯವಾಗಿ ಬೇಡ. 16ರ ಒಳಗಿನವರಿಗೆ ಈ ಗಣಕ ಬಳಸಬಾರದು. ಇದಕ್ಕೆ ಎಂಆರ್‌ಐನ ನಾರಿನ ಲೆಕ್ಕ ಸೇರಿಲ್ಲ ಎಂಬುದು ದೊಡ್ಡ ಕೊರತೆ, ಹಾಗಾಗಿ ಅಮೆರಿಕದ ಮಾರ್ಗಸೂಚಿ ಮೇಲೆ ಹೇಳಿದ ಅಂಶಗಳನ್ನು ಒಂದೊಂದಾಗಿ ತೂಗಲು ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ವೈದ್ಯರೇ ಸರಿಯಾದವರು ಎಂಬುದು ನಮ್ಮ ಅಭಿಪ್ರಾಯ.

ಐಸಿಡಿ ಎಂದರೆ ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ ಚರ್ಮದಡಿ ಇಡುವ ಪುಟ್ಟ ಯಂತ್ರ. ಹೃದಯ ಕಂಪಿಸತೊಡಗಿದರೆ ತಾನೇ ಗುರುತಿಸಿ ಶಾಕ್ ಕೊಡುತ್ತದೆ. ಐಸಿಡಿ ಹಾಕಿಸಿಕೊಂಡ 506 ಎಚ್‌ಸಿಎಂ ರೋಗಿಗಳ ಅಧ್ಯಯನ 2007ರಲ್ಲಿ ಬಂತು. ಮುನ್ನೆಚ್ಚರಿಕೆಗೆಂದು ಹಾಕಿಸಿಕೊಂಡವರಲ್ಲಿ ವರ್ಷಕ್ಕೆ ಸುಮಾರು 4% ಜನರಲ್ಲಿ ಯಂತ್ರ ಸರಿಯಾದ ಸಮಯಕ್ಕೆ ಕೆಲಸ ಮಾಡಿತ್ತು. ಇಡೀ ಅಧ್ಯಯನದ 27% ಜನರಿಗೆ ಅಗತ್ಯವಿಲ್ಲದಾಗಲೂ ಶಾಕ್ ಬಿದ್ದಿತ್ತು. ಇಪ್ಪತ್ತರ ಹುಡುಗನಿಗೆ ಹಾಕಿದರೆ ಬ್ಯಾಟರಿ ಹಲವು ಸಲ ಬದಲಿಸಬೇಕು, ತಂತಿ ಮುರಿಯಬಹುದು, ಸೋಂಕು ತಗಲಬಹುದು. ‘ಇರಲಿ, ಹಾಕಿಸಿಬಿಡೋಣ’ ಎನ್ನುವ ಸಾಧನ ಇದಲ್ಲ.

ಹಠಾತ್ ಸಾವಿನ ಸುದ್ದಿಯ ಗದ್ದಲದಲ್ಲಿ ಮರೆಯಾಗುವ ಅಪಾಯ ಇನ್ನೊಂದಿದೆ. 4,591 ರೋಗಿಗಳನ್ನು ಅನುಸರಿಸಿದ ಅಂತರರಾಷ್ಟ್ರೀಯ ಅಧ್ಯಯನ 2018ರಲ್ಲಿ ಹೇಳಿದ್ದು, ಜೀವಮಾನದಲ್ಲಿ ಹೆಚ್ಚು ಕಾಡುವುದು ಹೃದಯ ವೈಫಲ್ಯ ಮತ್ತು ಏಟ್ರಿಯಲ್ ಫಿಬ್ರಿಲೇಷನ್ ಎಂದು. ಚಿಕ್ಕ ವಯಸ್ಸಿನಲ್ಲೇ ಪತ್ತೆಯಾದವರಿಗೆ, ಜೀನ್ ದೋಷ ಇರುವವರಿಗೆ ಇದು ಹೆಚ್ಚು. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಮೇಲ್ಕೋಣೆ ಅಡ್ಡಾದಿಡ್ಡಿ ಬಡಿದು, ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ಹಾರಿ ಲಕ್ವ ಹೊಡೆಯುತ್ತದೆ. ಎಚ್‌ಸಿಎಂ ಇದ್ದು ಒಮ್ಮೆ ಇದು ಕಂಡರೆ, ವಯಸ್ಸು ಎಷ್ಟೇ ಇರಲಿ, ರಕ್ತ ತೆಳುವಾಗಿಸುವ ಮಾತ್ರೆ ಬೇಕು. ಆಸ್ಪಿರಿನ್ ಅದಕ್ಕೆ ಸಾಲದು.

ಚಿಕಿತ್ಸೆ ಎಲ್ಲಿಗೆ ಬಂದಿದೆ

ಮೊದಲ ಮದ್ದು ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್. ಬಡಿತ ನಿಧಾನವಾದರೆ ಕೋಣೆ ತುಂಬಲು ಸಮಯ ಸಿಗುತ್ತದೆ. ಒಗ್ಗದವರಿಗೆ ವೆರಪಮಿಲ್ ಅಥವಾ ಡಿಲ್ಟಿಯಾಜೆಮ್. ಇವನ್ನು ಸುಸ್ತಾಗುತ್ತದೆ ಎಂದು ತಾವೇ ದಿಢೀರನೆ ನಿಲ್ಲಿಸಬಾರದು.

ಕಾಯಿಲೆಯ ಮೂಲಕ್ಕೇ ಕೈಹಾಕಿದ ಮೊದಲ ಔಷಧ ಮಾವಕಾಮ್ಟೆನ್. ದೋಷಪೂರಿತ ಸ್ನಾಯುವಿನಲ್ಲಿ ಮಯೋಸಿನ್ ಅತಿಯಾಗಿ ಎಳೆಯುವುದನ್ನು ಅದು ತಗ್ಗಿಸುತ್ತದೆ. 251 ರೋಗಿಗಳ ಮೇಲೆ 30 ವಾರ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ 37%, ಹುಸಿಗುಳಿಗೆ ಪಡೆದವರಲ್ಲಿ 17% ಜನ ನಿಗದಿತ ಮಟ್ಟದ ಸುಧಾರಣೆ ಕಂಡರು. 2022ರ ಏಪ್ರಿಲ್‌ನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಆದರೆ ಎಳೆತವನ್ನು ಅತಿಯಾಗಿ ತಗ್ಗಿಸಿದರೆ ಪಂಪಿಂಗೇ ಬಿದ್ದುಹೋಗುತ್ತದೆ. ಹಾಗಾಗಿ ಪದೇಪದೇ ಎಕೋ ಮಾಡಬೇಕು, 50%ಕ್ಕಿಂತ ಇಳಿದರೆ ನಿಲ್ಲಿಸಬೇಕು. ಈ ಔಷಧವನ್ನು ಯಕೃತ್ತಿನಲ್ಲಿ ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲ. ಅಂಥವರಲ್ಲಿ ಔಷಧ ಮೈಯಲ್ಲೇ ಉಳಿದು ಜಮೆಯಾಗುತ್ತದೆ. ಗ್ಯಾಸ್ಟ್ರಿಕ್‌ಗೆ ನುಂಗುವ ಒಮೆಪ್ರಜೋಲ್ ಕೂಡ ಅದೇ ಕಿಣ್ವವನ್ನು ತಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಯನ್ನೂ ವೈದ್ಯರಿಗೆ ಹೇಳಬೇಕು ಎನ್ನುವುದು ಇದಕ್ಕೇ. ಅಡ್ಡಿ ಇಲ್ಲದ ಎಚ್‌ಸಿಎಂನಲ್ಲಿ 2025ರ ಪ್ರಯೋಗದಲ್ಲಿ ಈ ಔಷಧ ನಿರೀಕ್ಷಿತ ಫಲ ಕೊಡಲಿಲ್ಲ.

ಔಷಧಕ್ಕೆ ಬಗ್ಗದ ಅಡ್ಡಿಗೆ ಎರಡು ದಾರಿ. ಎದೆ ತೆರೆದು ನಡುಗೋಡೆಯ ಹೆಚ್ಚುವರಿ ಸ್ನಾಯುವನ್ನು ಕೆತ್ತಿ ತೆಗೆಯುವುದು ಒಂದು. ನುರಿತ ಕೇಂದ್ರಗಳಲ್ಲಿ ಇದರ ಸಾವು 1%ಕ್ಕಿಂತ ಕಡಿಮೆ, ಕೈ ಪಳಗದ ಕಡೆ ಅಪಾಯ ಎಷ್ಟೋ ಹೆಚ್ಚು. ಆದ್ದರಿಂದ ಹತ್ತಿರದ ಆಸ್ಪತ್ರೆ ಯಾವುದು ಎನ್ನುವುದಕ್ಕಿಂತ, ವರ್ಷಕ್ಕೆ ಈ ಆಪರೇಷನ್ ಎಷ್ಟು ಮಾಡುತ್ತೀರಿ ಎಂದು ನೇರವಾಗಿ ಕೇಳಿ. ಇನ್ನೊಂದು ದಾರಿಯನ್ನು 1994ರಲ್ಲಿ ಲಂಡನ್ನಿನಲ್ಲಿ ಉಲ್ರಿಚ್ ಸಿಗ್ವಾರ್ಟ್ ಶುರುಮಾಡಿದರು. ಆಂಜಿಯೋಗ್ರಾಂ ರೀತಿಯಲ್ಲೇ ನಡುಗೋಡೆಯ ಸಣ್ಣ ನಾಳಕ್ಕೆ 1ರಿಂದ 3 ಮಿಲಿಲೀಟರ್ ಶುದ್ಧ ಆಲ್ಕೋಹಾಲ್ ಬಿಟ್ಟು ಆ ಜಾಗದ ಸ್ನಾಯುವನ್ನು ಸಾಯಿಸುವುದು. ಹತ್ತಿರಹತ್ತಿರ ಹತ್ತರಲ್ಲಿ ಒಬ್ಬರಿಗೆ ವಿದ್ಯುತ್ ಹಾದಿಯೂ ಕೆಟ್ಟು ಪೇಸ್‌ಮೇಕರ್ ಬೇಕಾಗುತ್ತದೆ. ವಯಸ್ಸಾದವರಿಗೆ ಇದು, ಚಿಕ್ಕವರಿಗೆ ಶಸ್ತ್ರಚಿಕಿತ್ಸೆ ಎಂಬುದು ಸಾಮಾನ್ಯ ಒಲವು.

ತೋಟದ ಕೆಲಸ, ಬೆಟ್ಟ ಹತ್ತುವುದು

ಎಚ್‌ಸಿಎಂ ಎಂದ ಕೂಡಲೇ ‘ಏನೂ ಮಾಡಬೇಡ, ಸುಮ್ಮನೆ ಕೂತಿರು’ ಎನ್ನುತ್ತಿದ್ದ ಕಾಲ ಹೋಯಿತು. 1,660 ಜನರ ಮೇಲೆ ನಡೆದು 2023ರಲ್ಲಿ ಬಂದ ಅಧ್ಯಯನದಲ್ಲಿ ಕಠಿಣ ವ್ಯಾಯಾಮ ಮಾಡುವವರಲ್ಲಿ ಹಠಾತ್ ಸಾವು, ಅಪಾಯಕಾರಿ ಬಡಿತ ಬೇರೆಯವರಿಗಿಂತ ಹೆಚ್ಚು ಕಾಣಲಿಲ್ಲ. ಆದರೆ ಅವರೆಲ್ಲ ತಜ್ಞರ ನಿಗಾದಲ್ಲಿದ್ದವರು ಎಂಬುದು ನೆನಪಿರಲಿ. ದಿನಾ ನಡೆಯುವುದು ಒಳ್ಳೆಯದೇ, ತೂಕ ಹೆಚ್ಚಾದರೆ ಈ ಕಾಯಿಲೆ ಬಿಗಡಾಯಿಸುತ್ತದೆ.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ದಿನಗಳು ಹೃದಯಕ್ಕೆ ಕಷ್ಟದವು. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ನೀರು ಕುಡಿಯಲು ಪುರುಸೊತ್ತಿಲ್ಲ, ಸಂಜೆ ತುಂಬಿದ ಚೀಲ ಹೊತ್ತು ಏರು ಹತ್ತಬೇಕು. ಎಚ್‌ಸಿಎಂ ಇರುವವರಿಗೆ ಹಣ್ಣು ಕೊಯ್ಯುವುದು ಅಡ್ಡಿಯಿಲ್ಲ, ಉಸಿರು ಬಿಗಿಹಿಡಿದು ಚೀಲ ಎತ್ತುವುದು ಬೇಡ. ಗಂಟೆಗೊಮ್ಮೆ ನೀರು ಕುಡಿಯಬೇಕು. ಉಂಡ ಮೇಲೆ ಒಂದು-ಒಂದೂವರೆ ಗಂಟೆ ಏರಿನ ಕೆಲಸ ಬೇಡ. ದೀಪಾವಳಿಗೆ ಬಿಂಡಿಗ ದೇವೀರಮ್ಮನ ಬೆಟ್ಟ ಹತ್ತುವವರು ಹರಕೆಯ ಉಪವಾಸದಲ್ಲಿ ನೀರನ್ನೂ ಬಿಟ್ಟು ಹೊರಡುವುದುಂಟು. ಈ ರೋಗಿಗಳು ಹಾಗೆ ಮಾಡಲೇಬಾರದು. ಹತ್ತಲೇಬೇಕೆಂದಿದ್ದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಿಯೇ ಹತ್ತಬೇಕು.

ಬೆಟ್ಟದ ದಾರಿಯಲ್ಲಿ 108 ಬರುವುದು ತಡವಾಗುತ್ತದೆ. ಹೃದಯ ನಿಂತ ಮೇಲೆ ಯಾರೂ ಎದೆ ಒತ್ತದಿದ್ದರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ 7ರಿಂದ 10% ಇಳಿಯುತ್ತದೆ. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಬಾರಿ, 5-6 ಸೆಂಟಿಮೀಟರ್ ಆಳಕ್ಕೆ ಒತ್ತುವುದನ್ನು ಎಚ್‌ಸಿಎಂ ಇರುವ ಮನೆಯಲ್ಲಿ ಕನಿಷ್ಠ ಇಬ್ಬರಾದರೂ ಕಲಿತಿರಬೇಕು.

ಮನೆಯವರ ತಪಾಸಣೆ, ಮರಣೋತ್ತರ ಪರೀಕ್ಷೆ

ಮಗುವಿನಿಂದ ಹಿಡಿದು ವಯಸ್ಸಾದವರ ತನಕ, ರೋಗಿಯ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಒಮ್ಮೆ ಇಸಿಜಿ ಮತ್ತು ಎಕೋ ಆಗಬೇಕು. ಸರಿ ಬಂದರೂ ಅಲ್ಲಿಗೆ ಮುಗಿಯುವುದಿಲ್ಲ, ಯಾಕೆಂದರೆ ಗೋಡೆ ಹದಿಹರೆಯದಲ್ಲಿ, ಕೆಲವರಲ್ಲಿ ನಲವತ್ತು-ಐವತ್ತರ ನಂತರವೂ ದಪ್ಪವಾಗಬಹುದು. ಕುಟುಂಬದಲ್ಲಿ ಜೀನ್ ದೋಷ ಖಚಿತವಾಗಿದ್ದರೆ ಅಥವಾ ಚಿಕ್ಕ ವಯಸ್ಸಿನಲ್ಲೇ ಕಾಯಿಲೆ ಬಂದಿದ್ದರೆ ಮಕ್ಕಳಿಗೆ 1-2 ವರ್ಷಕ್ಕೊಮ್ಮೆ, ಉಳಿದ ಮಕ್ಕಳಿಗೆ 2-3 ವರ್ಷಕ್ಕೊಮ್ಮೆ, ದೊಡ್ಡವರಿಗೆ 3ರಿಂದ 5 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಈ ಪಟ್ಟಿಯಿಂದ ಬಿಟ್ಟುಬಿಡುವುದು ನಮ್ಮಲ್ಲಿ ಸಾಮಾನ್ಯ. ಕಾಯಿಲೆ ಗಂಡು-ಹೆಣ್ಣಿಗೆ ಒಂದೇ ಸಮನಾಗಿ ಹರಿಯುತ್ತದೆ.

2025ರ ಜುಲೈನಲ್ಲಿ ರಾಜ್ಯ ಸರ್ಕಾರ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ಘೋಷಿಸಿತು. ಮನೆಯವರಿಗೆ ಆ ಹೊತ್ತಿನಲ್ಲಿ ಇದು ಸಹಿಸಲಾಗದ ಮಾತು. ಆದರೂ ಸತ್ತವರು ಚಿಕ್ಕ ವಯಸ್ಸಿನವರಾಗಿದ್ದರೆ ಒಪ್ಪಿಗೆ ಕೊಡಿ ಎಂದು ಕಳಕಳಿಯಿಂದ ಕೇಳುತ್ತೇವೆ. ಆಗ ವೈದ್ಯರಲ್ಲಿ ಮೂರು ವಿಷಯ ವಿಚಾರಿಸಿ: ಹೃದಯದ ತೂಕ ಮತ್ತು ಗೋಡೆಯ ದಪ್ಪ ಬರೆದಿದ್ದಾರೆಯೇ, ನಡುಗೋಡೆಯ ತುಣುಕನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳಿಸಿದ್ದಾರೆಯೇ, ಮುಂದೆ ಜೀನ್ ಪರೀಕ್ಷೆಗೆಂದು ರಕ್ತ ಹೆಪ್ಪುಗಟ್ಟದಂತೆ ಇಡುವ ಇಡಿಟಿಎ ಟ್ಯೂಬಿನಲ್ಲಿ ಸ್ವಲ್ಪ ರಕ್ತ ತೆಗೆದಿಟ್ಟಿದ್ದಾರೆಯೇ. ಕೆಡದಿರಲೆಂದು ಫಾರ್ಮಲಿನ್ ದ್ರಾವಣದಲ್ಲಿ ಹಾಕಿದ ಅಂಗಾಂಶದಿಂದ ಜೀನ್ ಓದುವುದು ಕಷ್ಟ, ಹಾಗಾಗಿ ರಕ್ತವನ್ನು ಬೇರೆಯಾಗಿ ತಣ್ಣಗೆ ಕಾಪಾಡಬೇಕು. ವರದಿ ಕೈಗೆ ಬರಲು ವಾರಗಳು ಹಿಡಿಯಬಹುದು. ಒಡಹುಟ್ಟಿದವರ, ಮಕ್ಕಳ ಇಸಿಜಿ, ಎಕೋ ಅದಕ್ಕಾಗಿ ಕಾಯಬೇಕಾಗಿಲ್ಲ. ತಿಥಿ ಕಾರ್ಯ ಮುಗಿದ ವಾರವೇ ಮಾಡಿಸಿ.